ತಮ್ಮನ ಪರ ನಿಲ್ಲೋಕೆ ಪಕ್ಷ ಬಿಡಬೇಕಾ? ತಿಪಟೂರು ಕಡೆಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮಸ್ತೆ ಮೇಡಂ. ನಮ್ದು ತಿಪಟೂರು ತಾಲ್ಲೂಕು, ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ತಾತನ ಕಾಲದಲ್ಲಿ ಜನಸಂಘ, ಈಗ ಬಿಜೆಪಿ, ನಾನೂ ಎಲೆಕ್ಷನ್ ಬಂದ್ರೆ ಬೂತ್ ಕೆಲಸ ಮಾಡ್ತೀನಿ. ನನ್ನ ತಮ್ಮ ಬೆಂಗಳೂರಲ್ಲಿ ಕೆಲಸದಲ್ಲಿದಾನೆ. ಯುಗಾದಿಗೆ ಊರಿಗೆ ಬಂದಾಗ ತಾನು ಗೇ ಅಂತ ನನ್ನೊಬ್ಬನ ಹತ್ರ ಹೇಳ್ದ. ಅಪ್ಪ ಅವನಿಗೆ ಹೆಣ್ಣು ನೋಡ್ತಿದಾರೆ. ಆ ಪಕ್ಷದಲ್ಲಿ ಇದ್ಕೊಂಡು ತಮ್ಮನ ಪರ ಹೆಂಗೆ ನಿಲ್ತೀಯ ಅಂತ ಫ್ರೆಂಡ್ ಒಬ್ಬ ಕೇಳ್ದ. ನಾನು ಪಕ್ಷ ಬಿಡಬೇಕಾ? ನಮ್ಮಂಥ ಯೋಚನೆಯವರು ಎಲ್ಲಾದ್ರೂ ಇಂಥವರಿಗೆ ಸಮಾನತೆ ಕೊಡ್ಸಿದಾರಾ? ಅಪ್ಪನಿಗೆ ಏನಂತ ಹೇಳ್ಲಿ?

ಉತ್ತರ:

ಪಕ್ಷ ಬಿಡಬೇಕಾಗಿಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ನಿಮ್ಮ ಮನಸ್ಸನ್ನ ಜಾಸ್ತಿ ಕೊರೀತಿರೋದು ಇದೇ ಅನ್ಸ್ತು. ನಾನು ತುಮಕೂರಲ್ಲಿ ಬಹಳ ಕಾಲದಿಂದ ರಾಜ್ಯಶಾಸ್ತ್ರ ಪಾಠ ಮಾಡ್ಕೊಂಡು ಬಂದಿರೋಳು, ನನ್ನ ವೋಟು ನಿಮ್ಮ ಪಕ್ಷಕ್ಕಲ್ಲ, ಆದ್ರೂ ಇದನ್ನ ಹೇಳ್ತಿದೀನಿ. ನೀವು ಹೊರಗೆ ಬಂದ್ರೆ ಈ ಕಡೆಗೆ ಒಂದು ವೋಟು ಸೇರುತ್ತೆ ಅಷ್ಟೇ. ಆದ್ರೆ ನಿಮ್ಮ ಬೂತ್‌ನಲ್ಲಿ, ನಿಮ್ಮ ಎಪಿಎಂಸಿ ಯಾರ್ಡಲ್ಲಿ, ನಿಮ್ಮ ಜಾತಿ ಸಂಘದ ಮೀಟಿಂಗಲ್ಲಿ ಕೂತಿರೋ ಜನಕ್ಕೆ ಈ ವಿಷ್ಯನ ಅವರ ಮಾತಲ್ಲೇ ಹೇಳಬಲ್ಲ ಒಬ್ಬ ಮನುಷ್ಯ ಕಮ್ಮಿ ಆಗ್ತಾನೆ, ಆ ಮನುಷ್ಯನ ಜಾಗಕ್ಕೆ ನನ್ನಂಥೋಳು ಹೋಗಿ ನಿಂತ್ರೆ ಯಾರೂ ಕೇಳಲ್ಲ. ನಾನು ಓದಿರೋ ಮಟ್ಟಿಗೆ ಸಲಿಂಗಿಗಳ ಹಕ್ಕು ಪಾರ್ಲಿಮೆಂಟಲ್ಲೇ ಪಾಸಾದ ದೇಶಗಳಲ್ಲಿ ಹೆಚ್ಚಿನ ಕಡೆ ಒಂದು ಸಮಾನ ಅಂಶ ಸಿಗುತ್ತೆ, ವಿರೋಧ ಮಾಡ್ತಿದ್ದ ಪಕ್ಷದ ಒಳಗಿಂದಲೇ ಒಂದಿಷ್ಟು ಜನ ಎದ್ದು ನಿಂತಿದ್ರು. ಹೊರಗಿನ ಚಳುವಳಿ ದಾರಿ ತೋರಿಸ್ತು, ವರ್ಷಾನುಗಟ್ಟಲೆ ಬೀದಿಲಿ ಏಟು ತಿಂತು, ಅದನ್ನ ಯಾರೂ ಮರೀಬಾರ್ದು, ಆದ್ರೆ ಕಡೇ ಬಾಗಿಲನ್ನ ತೆಗ್ದಿದ್ದು ತುಂಬ ಸಲ ಒಳಗಿದ್ದೋರೇ.

ಆದ್ರೆ ಒಂದು ಷರತ್ತು, ಒಳಗಿದ್ದು ಬಾಯಿ ಮುಚ್ಕೊಂಡಿದ್ರೆ ನಿಮ್ಮ ಫ್ರೆಂಡ್ ಹೇಳಿದ್ದೇ ಸರಿ ಆಗುತ್ತೆ.

ನಿಮ್ಮ ಪರಿಸ್ಥಿತಿಗೆ ಹತ್ತಿರ ಇರೋ ಒಬ್ಬರ ವಿಷ್ಯ ಹೇಳ್ತೀನಿ. ಇಂಗ್ಲೆಂಡಲ್ಲಿ 1967ರ ತನಕ ಇಬ್ಬರು ಗಂಡಸರು ಒಪ್ಕೊಂಡು ತಮ್ಮ ಪಾಡಿಗೆ ಮನೆಯೊಳಗೆ ಜೊತೆಗಿದ್ರೂ ಅದು ಅಪರಾಧ, ಪೊಲೀಸರು ಹಿಡ್ಕೊಂಡು ಹೋಗೋರು, ಪೇಪರಲ್ಲಿ ಹೆಸರು ಬರೋದು, ಕೆಲಸ ಹೋಗೋದು. 1954ರಲ್ಲಿ ಅಲ್ಲಿನ ಕನ್ಸರ್ವೇಟಿವ್, ಅಂದ್ರೆ ಸಂಪ್ರದಾಯದ ಪರ ಇರೋ ಬಲಪಂಥದ ಪಕ್ಷದ, ಸರ್ಕಾರವೇ ವುಲ್ಫೆಂಡೆನ್ ಸಮಿತಿ ಅಂತ ಮಾಡ್ತು, 1957ರಲ್ಲಿ ಆ ಸಮಿತಿ ವಯಸ್ಕರು ಒಪ್ಪಿ ಖಾಸಗಿಯಾಗಿ ಬದುಕೋದ್ರಲ್ಲಿ ಕಾನೂನು ಕೈ ಹಾಕಬಾರ್ದು ಅಂತ ವರದಿ ಕೊಡ್ತು, ಸರ್ಕಾರಕ್ಕೆ ಧೈರ್ಯ ಬರ್ಲಿಲ್ಲ, ವರದಿ ಹಂಗೇ ಕೂತ್ಕೊಂತು. ಎಂಟು ವರ್ಷ ಆದ್ಮೇಲೆ, 1965ರಲ್ಲಿ, ಮೇಲ್ಮನೆಯಲ್ಲಿ ಮಸೂದೆ ತಂದೋರು ಲಾರ್ಡ್ ಆರನ್ ಅಂತ, ಹಳೇ ಶ್ರೀಮಂತ ಮನೆತನ, ಕನ್ಸರ್ವೇಟಿವ್ ಪಕ್ಷದೋರು. ಅವರ ಅಣ್ಣ ಸಲಿಂಗಿ ಆಗಿದ್ರು, 1958ರಲ್ಲಿ ತೀರ್ಕೊಂಡಿದ್ರು. ಆರನ್ ಆ ಮಸೂದೆನ ಅಷ್ಟು ಹಠ ಹಿಡ್ದು ನಡೆಸಿದ್ದಕ್ಕೆ ಅಣ್ಣನ ಸಾವೇ ಕಾರಣ ಅಂತ ಅಲ್ಲಿ ಬರೆದಿರೋರು ಹೇಳ್ತಾರೆ. ಕೆಳಮನೆಯಲ್ಲಿ ಅದನ್ನ ಮೊದಲು ಎತ್ಕೊಂಡೋರು ಹಂಫ್ರಿ ಬರ್ಕ್ಲಿ, ಅವರೂ ಅದೇ ಪಕ್ಷ. 1966ರ ಫೆಬ್ರವರಿಯಲ್ಲಿ ಮಸೂದೆ ಒಂದು ಹಂತ ದಾಟ್ತು, ಮಾರ್ಚಲ್ಲಿ ಚುನಾವಣೆ ಬಂತು, ಬರ್ಕ್ಲಿ ಸೋತ್ರು, ಈ ಮಸೂದೆಯಿಂದಲೇ ಸೋತೆ ಅಂತ ಅವರೇ ಅಂದ್ಕೊಂಡ್ರು. ಆಮೇಲೆ ಲೇಬರ್ ಪಕ್ಷದ ಲಿಯೋ ಆಬ್ಸೆ ಅದನ್ನ ಕೈಗೆ ತಗೊಂಡು 1967ರ ಜುಲೈಯಲ್ಲಿ ಕಾನೂನು ಮಾಡ್ಸಿದ್ರು. ಆ ಹೊತ್ತಿಗೆ ಪರವಾಗಿ ಕೈ ಎತ್ತಿದ ಕೆಲವೇ ಕನ್ಸರ್ವೇಟಿವ್ ಸಂಸದರಲ್ಲಿ ಮಾರ್ಗರೆಟ್ ಥ್ಯಾಚರ್ ಕೂಡ ಒಬ್ರು.

ಇಷ್ಟೇ ಹೇಳಿ ನಿಲ್ಸಿದ್ರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂಗೆ. ಮಸೂದೆ ಪಾಸಾದ ದಿನ ಅದೇ ಲಾರ್ಡ್ ಆರನ್ ಎದ್ದು ನಿಂತು, ಇನ್ಮೇಲೆ ನೀವು ಸದ್ದಿಲ್ದೆ ಮರ್ಯಾದೆಯಿಂದ ಇದ್ದು ನಿಮ್ಮ ಕೃತಜ್ಞತೆ ತೋರ್ಸಿ ಅಂತ ಸಲಿಂಗಿಗಳಿಗೆ ಬುದ್ಧಿ ಹೇಳಿದ್ರು. ಅಂದ್ರೆ ಜೈಲಿಗೆ ಹಾಕಲ್ಲ, ಕಣ್ಣಿಗೆ ಮಾತ್ರ ಬೀಳಬೇಡಿ ಅಂತ. ಅಣ್ಣನ್ನ ಕಳ್ಕೊಂಡ ಮನುಷ್ಯನೇ ಹಂಗಂದಿದ್ದು, ಓದ್ದಾಗೆಲ್ಲ ಸಂಕಟ ಆಗುತ್ತೆ ನನಗೆ. ಅದೇ ಥ್ಯಾಚರ್ ಪ್ರಧಾನಿ ಆಗಿದ್ದಾಗ 1988ರಲ್ಲಿ ಸೆಕ್ಷನ್ 28 ಅಂತ ಒಂದು ಕಾನೂನು ಬಂತು, ಸ್ಥಳೀಯ ಆಡಳಿತಗಳು ಸಲಿಂಗ ಬದುಕನ್ನ ಪ್ರೋತ್ಸಾಹ ಮಾಡೋ ಹಾಗಿಲ್ಲ ಅಂತ, ಅದ್ರಿಂದ ಶಾಲೆ ಮೇಷ್ಟ್ರುಗಳು ಕ್ಲಾಸಲ್ಲಿ ಗೇಲಿಗೆ ಸಿಕ್ಕಿ ಅಳ್ತಿರೋ ಹುಡುಗನ ಪರ ಮಾತಾಡೋಕೂ ಹೆದರೋ ಹಾಗಾಯ್ತು. ಇಂಗ್ಲೆಂಡಲ್ಲಿ ಅದು ಹೋಗಿದ್ದು 2003ಕ್ಕೆ. ಶಿಕ್ಷೆ ತೆಗೆಯೋಕೆ ಮತ ಹಾಕಿದೋರೇ ಮುಂದೆ ಸಮಾನತೆಗೆ ಅಡ್ಡ ನಿಂತಿದ್ದು ಇದು. ನಿಮ್ಮ ಕಡೆಯೋರು 1967ರ ಥ್ಯಾಚರ್ ಆಗ್ತಾರಾ, 1988ರ ಥ್ಯಾಚರ್ ಆಗ್ತಾರಾ ಅನ್ನೋದು ಒಳಗಿರೋ ನಿಮ್ಮಂಥೋರ ಮೇಲೆ ಬಹಳ ನಿಂತಿದೆ.

ಆಮೇಲೆ ಅದೇ ಕನ್ಸರ್ವೇಟಿವ್ ಪಕ್ಷದ ನಾಯಕರಾಗಿ ಡೇವಿಡ್ ಕ್ಯಾಮರೂನ್ ಬಂದ್ರು. 2009ರಲ್ಲಿ ಸೆಕ್ಷನ್ 28 ವಿಷ್ಯಕ್ಕೆ ಪಕ್ಷದ ಪರವಾಗಿ ಕ್ಷಮೆ ಕೇಳಿದ್ರು. ಪ್ರಧಾನಿ ಆದ್ಮೇಲೆ 2011ರ ಪಕ್ಷದ ಸಮಾವೇಶದಲ್ಲಿ ಅವರಾಡಿದ ಮಾತಿನ ಸಾರ ಇಷ್ಟು: ಒಬ್ಬರಿಗೊಬ್ಬರು ಮಾತು ಕೊಟ್ಟು ಕಟ್ಟುಬಿದ್ದು ಬದುಕಿದ್ರೆ ಸಮಾಜ ಗಟ್ಟಿಯಾಗುತ್ತೆ ಅಂತ ನಂಬೋದೇ ನಮ್ಮ ಪಕ್ಷ, ಹಾಗಾಗಿ ನಾನು ಕನ್ಸರ್ವೇಟಿವ್ ಆಗಿದ್ರೂ ಸಲಿಂಗ ಮದುವೆ ಒಪ್ತೀನಿ ಅಂತಲ್ಲ, ಕನ್ಸರ್ವೇಟಿವ್ ಆಗಿರೋದಕ್ಕೇ ಒಪ್ತೀನಿ. ಈ ವಾದನ ನೀವು ಚೆನ್ನಾಗಿ ಮನಸ್ಸಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ. 2013ರ ಫೆಬ್ರವರಿಯಲ್ಲಿ ಸಲಿಂಗ ಮದುವೆ ಮಸೂದೆಗೆ ಕೆಳಮನೆಯಲ್ಲಿ 400 ಪರ, 175 ವಿರುದ್ಧ ಬಿತ್ತು. ಕ್ಯಾಮರೂನ್ ಪಕ್ಷದ ಸಂಸದರಲ್ಲೇ ಪರಕ್ಕಿಂತ ವಿರುದ್ಧ ಹಾಕಿದೋರು ಜಾಸ್ತಿ, ಬೇರೆ ಪಕ್ಷದವರ ವೋಟಿನಿಂದ ಪಾಸಾಯ್ತು. 2017ರಲ್ಲಿ ಜರ್ಮನಿಯಲ್ಲಿ ಏಂಜೆಲಾ ಮರ್ಕೆಲ್ ತಾವು ವಿರುದ್ಧ ಮತ ಹಾಕಿದ್ರೂ ತಮ್ಮ ಸಂಸದರಿಗೆ ಆತ್ಮಸಾಕ್ಷಿ ಪ್ರಕಾರ ಹಾಕಿ ಅಂತ ಬಿಟ್ರು, ಅವರ ಕಡೆಯ 75 ಜನ ಪರ ಹಾಕಿದ್ರು. 2024ರಲ್ಲಿ ಗ್ರೀಸ್‌ನಲ್ಲೂ ಹೆಚ್ಚುಕಮ್ಮಿ ಇದೇ ಥರ, ಅಲ್ಲಿ ಚರ್ಚು ಗಟ್ಟಿಯಾಗಿ ವಿರೋಧ ಮಾಡ್ತು, ಮಸೂದೆ ತಂದಿದ್ದು ಮಾತ್ರ ಬಲಪಂಥದ ಸರ್ಕಾರವೇ. ಐರ್ಲೆಂಡಲ್ಲಿ 2015ರಲ್ಲಿ ಜನಮತಕ್ಕೆ ಹಾಕಿದಾಗ ನೂರಕ್ಕೆ 62 ಜನ ಹೌದು ಅಂದ್ರು, ಆಗಲೂ ಅಧಿಕಾರದಲ್ಲಿ ಮುಂದಿದ್ದಿದ್ದು ಮಧ್ಯ-ಬಲಪಂಥದ ಪಕ್ಷ. ಅದೇ ಪಕ್ಷದ ಲಿಯೋ ವರಾಡ್ಕರ್, ಅವರ ತಂದೆ ನಮ್ಮ ಮುಂಬೈನವರು, ಆ ವರ್ಷದ ಜನವರಿಯಲ್ಲಿ ತಾನು ಗೇ ಅಂತ ರೇಡಿಯೋದಲ್ಲಿ ಹೇಳ್ಕೊಂಡ್ರು, 2017ಕ್ಕೆ ಪ್ರಧಾನಿ ಆದ್ರು.

ಅಮೆರಿಕದ್ದು ದೊಡ್ಡ ಗೋಜಲು, ಎರಡು ಮೂರು ವಿಷ್ಯ ಸಾಕು. ಅಲ್ಲಿ ಸಂಪ್ರದಾಯದ ಕಡೆ ಇರೋದು ರಿಪಬ್ಲಿಕನ್ ಪಕ್ಷ, ನಾನೀಗ ಹೇಳೋ ರೇಗನ್, ಟ್ರಂಪ್, ಪೋರ್ಟ್‌ಮನ್ ಮೂವರೂ ಅದೇ ಪಕ್ಷದೋರು. 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಲಿಂಗಿ ಶಿಕ್ಷಕರನ್ನ ಶಾಲೆಯಿಂದ ತೆಗೆಯೋ ಪ್ರಸ್ತಾವ ಜನಮತಕ್ಕೆ ಬಂದಾಗ ಅದರ ವಿರುದ್ಧ ಬರೆದು ಅದನ್ನ ಬೀಳಿಸೋಕೆ ನೆರವಾದೋರು ರೊನಾಲ್ಡ್ ರೇಗನ್, ಅದೇ ರೇಗನ್ ಅಧ್ಯಕ್ಷರಾದ ಮೇಲೆ ಏಡ್ಸ್ ಬಂದು ಜನ ಸಾಯ್ತಿದ್ರೂ ವರ್ಷಗಟ್ಟಲೆ ಬಾಯಿ ಬಿಡ್ಲಿಲ್ಲ. 2015ರ ಜೂನಲ್ಲಿ ಸಲಿಂಗ ಮದುವೆ ಹಕ್ಕಿನ ತೀರ್ಪು ಬರೆದ ಸುಪ್ರೀಂ ಕೋರ್ಟ್ ಜಡ್ಜ್ ಆಂಥೊನಿ ಕೆನಡಿನ ನೇಮಿಸಿದ್ದು ರೇಗನ್, 2020ರಲ್ಲಿ ಸಲಿಂಗಿ ಅಥವಾ ಟ್ರಾನ್ಸ್‌ಜೆಂಡರ್ ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ ತೀರ್ಪು ಬರೆದ ಅದೇ ಕೋರ್ಟಿನ ಜಡ್ಜ್ ನೀಲ್ ಗೋರ್ಸಚ್‌ನ ನೇಮಿಸಿದ್ದು ಟ್ರಂಪ್. ಇನ್ನು ಒಹಾಯೋದ ಸೆನೆಟರ್ ರಾಬ್ ಪೋರ್ಟ್‌ಮನ್ ಸಲಿಂಗ ಮದುವೆಗೆ ವಿರೋಧ ಇದ್ದೋರು, ಮಗ ತಾನು ಗೇ ಅಂತ ಮನೇಲಿ ಹೇಳಿದ ಮೇಲೆ ಯೋಚನೆ ಮಾಡಿ 2013ರಲ್ಲಿ ನಿಲುವು ಬದಲಾಯಿಸಿದ್ರು, ಪಕ್ಷದಲ್ಲೇ ಉಳ್ಕೊಂಡ್ರು, 2022ರಲ್ಲಿ ಸಲಿಂಗ ಮದುವೆಗೆ ಕಾನೂನಿನ ರಕ್ಷಣೆ ಕೊಡೋ ಮಸೂದೆ ಬಂದಾಗ ಸೆನೆಟಲ್ಲಿ ಅದರ ಪರ ನಿಂತ 12 ಜನ ರಿಪಬ್ಲಿಕನ್ನರಲ್ಲಿ ಅವರೂ ಒಬ್ರು. ಮಗ ಹೇಳಿದ್ದಕ್ಕೆ ಬದಲಾದ್ರಾ, ಸ್ವಾರ್ಥ ಅಲ್ವಾ ಅಂತ ಬೈದೋರೂ ಇದಾರೆ. ನನಗೆ ಹಂಗನ್ಸಲ್ಲ, ಮನೆಯೋರ ಮುಖ ನೋಡಿ ಮನಸ್ಸು ಬದಲಾಗೋದು ಮನುಷ್ಯರಲ್ಲಿ ನಡ್ಯೋ ಸಹಜ ವಿಷ್ಯ. ಮಗನಿಗೆ ಬೇಕಾದ್ದನ್ನ ಊರವರ ಮಕ್ಕಳಿಗೂ ಬೇಕು ಅಂತ ಅವರು ಹೇಳಿದ್ರಲ್ಲ, ಅದು ಮುಖ್ಯ.

ಹಾಗಂತ ಇದು ಒಂದೇ ದಿಕ್ಕಿಗೆ ಓಡೋ ರಸ್ತೆ ಅಂತ ತಿಳ್ಕೋಬೇಡಿ. ಅಮೆರಿಕದ ಗ್ಯಾಲಪ್ ಸಂಸ್ಥೆ ಸಮೀಕ್ಷೆ ಪ್ರಕಾರ 2021 ಮತ್ತು 2022ರಲ್ಲಿ ರಿಪಬ್ಲಿಕನ್ನರಲ್ಲಿ ನೂರಕ್ಕೆ 55 ಜನ ಸಲಿಂಗ ಮದುವೆ ಒಪ್ಪಿದ್ರು, 2025ಕ್ಕೆ ಅದು 41ಕ್ಕೆ ಇಳೀತು. ಮೂರೇ ವರ್ಷದಲ್ಲಿ. ನಾಯಕರು ದಿನಾ ದ್ವೇಷದ ಮಾತಾಡೋಕೆ ಶುರು ಮಾಡಿದ್ರೆ ಒಪ್ಪಿದ್ದ ಜನರೂ ಹಿಂದೆ ಸರೀತಾರೆ. ಒಳಗಿನ ಜನ ಮಾತಾಡ್ತಾನೇ ಇರಬೇಕು ಅಂತ ನಾನು ಒತ್ತಿ ಹೇಳ್ತಿರೋದು ಅದಕ್ಕೇ.

ಈಗ ನಮ್ಮ ದೇಶಕ್ಕೆ ಬರೋಣ. ನಿಮ್ಮ ಫ್ರೆಂಡ್‌ಗೆ ಒಂದು ವಿಷ್ಯ ಹೇಳ್ಬೇಕು, ನಮ್ಮಲ್ಲಿ ಈ ವಿಷ್ಯದಲ್ಲಿ ದೊಡ್ಡ ಪಕ್ಷ ಯಾವುದೂ ಶುದ್ಧ ಇಲ್ಲ. ಸಲಿಂಗ ಸಂಬಂಧನ ಅಪರಾಧ ಮಾಡಿದ್ದ ಸೆಕ್ಷನ್ 377 ಬ್ರಿಟಿಷರು 1860ರ ದಂಡ ಸಂಹಿತೆಯಲ್ಲಿ ಹಾಕಿ ಹೋಗಿದ್ದು. ಅದನ್ನ ಉಳಿಸ್ಕೋಬೇಕು ಅಂತ 2003ರಲ್ಲಿ ದೆಹಲಿ ಹೈಕೋರ್ಟಿಗೆ ಬರ್ಕೊಟ್ಟಿದ್ದು ಎನ್‌ಡಿಎ ಸರ್ಕಾರ, ಆಮೇಲೆ ಬಂದ ಯುಪಿಎ ಸರ್ಕಾರದ ಗೃಹ ಇಲಾಖೆಯೂ ಅದೇ ವಾದ ಮುಂದುವರಿಸ್ತು. 2009ರ ಜುಲೈ 2ಕ್ಕೆ ಹೈಕೋರ್ಟು ಅದನ್ನ ಮೊಟಕು ಮಾಡ್ತು, 2013ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು ವಾಪಸ್ ತಂತು. ಆಗ ಸೋನಿಯಾ ಗಾಂಧಿ ಬೇಜಾರು ಹೇಳ್ಕೊಂಡ್ರು, ಬಿಜೆಪಿ ಅಧ್ಯಕ್ಷರಾಗಿದ್ದ ರಾಜನಾಥ್ ಸಿಂಗ್ ಇದು ಪ್ರಕೃತಿಗೆ ವಿರುದ್ಧ, ನಾವು 377ರ ಪರ ಅಂದ್ರು. ಎರಡೇ ವರ್ಷಕ್ಕೆ, 2015ರಲ್ಲಿ, ಅದೇ ಪಕ್ಷದ ಅರುಣ್ ಜೇಟ್ಲಿ ಆ ತೀರ್ಪನ್ನ ಕೋರ್ಟು ಮತ್ತೆ ನೋಡಬೇಕು ಅಂತ ಬಹಿರಂಗವಾಗಿ ಹೇಳಿದ್ರು, ಅವರು ಆಗ ಹಣಕಾಸು ಮಂತ್ರಿ. ಅದರ ಹಿಂದೇನೇ ಶಶಿ ತರೂರ್ ಲೋಕಸಭೆಯಲ್ಲಿ 377 ತಿದ್ದುಪಡಿಗೆ ಖಾಸಗಿ ಮಸೂದೆ ಮಂಡಿಸೋಕೆ ಹೋದ್ರೆ ಮಂಡಿಸೋಕೂ ಬಿಡದೆ 71ಕ್ಕೆ 24ರಲ್ಲಿ ಬೀಳ್ಸಿದ್ರು, ಅದೂ ನಿಮ್ಮ ಪಕ್ಷದ ಬೆಂಚುಗಳಿಂದಲೇ ಹೆಚ್ಚು. 2016ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ದತ್ತಾತ್ರೇಯ ಹೊಸಬಾಳೆ, ಆಗ ಆರೆಸ್ಸೆಸ್‌ನ ಸಹ ಸರಕಾರ್ಯವಾಹ ಅಂದ್ರೆ ಜಂಟಿ ಪ್ರಧಾನ ಕಾರ್ಯದರ್ಶಿ, ಬೇರೆಯವರ ಬದುಕಿಗೆ ತೊಂದ್ರೆ ಆಗದಿದ್ರೆ ಇದು ಅಪರಾಧ ಆಗಬಾರ್ದು ಅಂದ್ರು, ಮಾರನೇ ದಿನ ಸಲಿಂಗ ಮದುವೆಗೆ ಮಾತ್ರ ಅವಕಾಶ ಇರಬಾರ್ದು ಅಂತ ಸೇರಿಸಿದ್ರು. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ 377ರಲ್ಲಿ ಒಪ್ಪಿತ ವಯಸ್ಕರ ಸಲಿಂಗ ಸಂಬಂಧನ ಅಪರಾಧ ಅನ್ನೋ ಭಾಗನ ತೆಗೆದುಹಾಕಿದಾಗ ಕೇಂದ್ರ ಸರ್ಕಾರ ಅಡ್ಡ ಬರ್ಲಿಲ್ಲ, ಕೋರ್ಟಿನ ವಿವೇಚನೆಗೆ ಬಿಟ್ಟಿದ್ದೀವಿ ಅಂತ್ಹೇಳಿ ಸುಮ್ನಾಯ್ತು. 2023ರ ಜನವರಿಯಲ್ಲಿ ಆರೆಸ್ಸೆಸ್ ಮುಖ್ಯಸ್ಥ ಮೋಹನ್ ಭಾಗವತ್, ಇಂಥವರಿಗೂ ಬದುಕೋ ಹಕ್ಕಿದೆ, ಇದು ನಮ್ಮಲ್ಲಿ ಹೊಸದಲ್ಲ ಅಂತ ಜರಾಸಂಧನ ಸೇನಾಪತಿಗಳಾದ ಹಂಸ, ಡಿಂಭಕರ ಹೆಸರು ತೆಗೆದು ಹೇಳಿದ್ರು. 2013ರ ಮಾತಿಗೂ ಈ ಮಾತಿಗೂ ಹೋಲ್ಸಿ ನೋಡಿ, ಹತ್ತೇ ವರ್ಷದಲ್ಲಿ ಎಷ್ಟು ದೂರ ಬಂದ್ರು.

ಆದ್ರೆ ಅಲ್ಲಿಗೇ ಗಾಡಿ ನಿಂತಿದೆ. 2023ರಲ್ಲಿ ಸಲಿಂಗ ಮದುವೆ ಕೇಸು ಬಂದಾಗ ಕೇಂದ್ರ ಪೂರ್ತಿ ವಿರೋಧ ಮಾಡ್ತು, ಇದು ನಗರದ ಮೇಲ್ವರ್ಗದವರ ಯೋಚನೆ ಅಂತ ಕೋರ್ಟಿಗೆ ಬರ್ಕೊಡ್ತು. ನಿಮ್ಮ ತಮ್ಮ ತಿಪಟೂರು ಸೀಮೆಯ ತೆಂಗಿನ ತೋಟದ ಮನೆಯಲ್ಲಿ ಹುಟ್ಟಿದೋನು, ಈ ವಾಕ್ಯ ಎಷ್ಟು ಸುಳ್ಳು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕೇಂದ್ರ ರಾಜ್ಯಗಳ ಅಭಿಪ್ರಾಯ ಕೇಳಿದಾಗ ವಿರೋಧ ಬರೆದು ಕಳ್ಸಿದ ಮೂರು ರಾಜ್ಯಗಳಲ್ಲಿ ಅಸ್ಸಾಂ, ಆಂಧ್ರದ ಜೊತೆ ಆಗ ಕಾಂಗ್ರೆಸ್ ಇದ್ದ ರಾಜಸ್ಥಾನನೂ ಇತ್ತು, ಇದನ್ನೂ ನಿಮ್ಮ ಫ್ರೆಂಡ್‌ಗೆ ಹೇಳಿ. ಅಕ್ಟೋಬರ್ 17ಕ್ಕೆ ಬಂದ ತೀರ್ಪಲ್ಲಿ ಮದುವೆ ಅನ್ನೋದು ಮೂಲಭೂತ ಹಕ್ಕಲ್ಲ, ಕಾನೂನು ಮಾಡೋದು ಸಂಸತ್ತಿನ ಕೆಲಸ ಅಂತಾಯ್ತು. ಆಮೇಲೆ ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿ ಆಗಿ 2024ರಲ್ಲಿ ಒಂದೇ ರೇಷನ್ ಕಾರ್ಡಲ್ಲಿ ಹೆಸರು, ಬ್ಯಾಂಕಲ್ಲಿ ಜಂಟಿ ಖಾತೆ, ನಾಮಿನಿ ಇಂಥ ಸಣ್ಣ ಸಣ್ಣ ಸ್ಪಷ್ಟನೆ ಬಂತು. ಅಷ್ಟೇ. ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಜಾರಿ ಆದ ಏಕರೂಪ ನಾಗರಿಕ ಸಂಹಿತೆಯಲ್ಲಿ ಲಿವ್-ಇನ್ ನೋಂದಣಿ ಕೂಡ ಗಂಡು-ಹೆಣ್ಣಿಗೆ ಮಾತ್ರ. ಎಲ್ರಿಗೂ ಒಂದೇ ಕಾನೂನು ಅಂತ ಮಾಡಿದ ಪುಸ್ತಕದಲ್ಲಿ ನಿಮ್ಮ ತಮ್ಮನಿಗೆ ಒಂದು ಸಾಲೂ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ನನ್ನ ಲೆಕ್ಕದಲ್ಲಿ ಇಡೀ ವಿಷ್ಯದ ಗಂಟು ಇದೇ. ನಮ್ಮ ರಾಜ್ಯದಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಜನಕ್ಕೆ ಶೇಕಡ 1 ಮೀಸಲಾತಿ ಬಂದಿದ್ದು 2021ರ ಜುಲೈಯಲ್ಲಿ, ದೇಶದಲ್ಲೇ ಮೊದಲು, ಬಿಜೆಪಿ ಸರ್ಕಾರ ಇದ್ದಾಗ. ಸಂಘಟನೆಯೋರು ಹೈಕೋರ್ಟಿಗೆ ಹೋಗಿದ್ರಿಂದ ಬಂತು ನಿಜ, ಆದ್ರೆ ಸರ್ಕಾರ ಜಗಳ ಆಡ್ದೆ ನಿಯಮ ತಿದ್ದಿ ಕೊಡ್ತು. ಮಂಜಮ್ಮ ಜೋಗತಿಯವರನ್ನ 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷೆ ಮಾಡಿದ್ದೂ ಅದೇ ಪಕ್ಷದ ಸರ್ಕಾರ, 2021ರ ನವೆಂಬರಲ್ಲಿ ಅವರು ಪದ್ಮಶ್ರೀ ತಗೊಳ್ಳೋಕೆ ಹೋಗಿ ಸೆರಗು ಹಿಡಿದು ರಾಷ್ಟ್ರಪತಿಗೇ ದೃಷ್ಟಿ ತೆಗೆದ ವಿಡಿಯೋ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಲ್ಲೂ ಬಂದಿರುತ್ತೆ, ನಿಮ್ಮ ಅಮ್ಮನೂ ನೋಡಿ ಖುಷಿಪಟ್ಟಿರ್ತಾರೆ. ನನಗೂ ಕಣ್ಣಲ್ಲಿ ನೀರು ಬಂತು. ಆದ್ರೆ ಅದೇ ಜನ ತುಮಕೂರಲ್ಲಿ ಒಬ್ಬ ಟ್ರಾನ್ಸ್ ಹೆಣ್ಣುಮಗಳು ಬಾಡಿಗೆ ಮನೆ ಕೇಳಿಕೊಂಡು ಬಂದ್ರೆ ಅಡ್ವಾನ್ಸ್ ಎಷ್ಟು ಅಂತ ಹೇಳೋದಕ್ಕೂ ಮೊದಲೇ ಬಾಗಿಲು ಹಾಕ್ತಾರೆ. ಕರುಣೆ, ಕಲೆ, ಪಿಂಚಣಿ, ಮೀಸಲಾತಿ ಇಷ್ಟರ ತನಕ ಸಂಪ್ರದಾಯದ ಮನಸ್ಸು ಬರುತ್ತೆ, ಯಾಕಂದ್ರೆ ಅದು ಮನೆ ಹೊರಗಿನ ವಿಷ್ಯ. ಗೇ ಹುಡುಗ, ಲೆಸ್ಬಿಯನ್ ಹುಡುಗಿ ಅಂದ್ರೆ ಅದು ಮದುವೆ, ಆಸ್ತಿ, ವಂಶ, ನೆಂಟಸ್ತನ, ಅಂದ್ರೆ ಮನೆ ಒಳಗಿನ ವಿಷ್ಯ. ಅದಕ್ಕೇ ಅಲ್ಲಿ ತಡೆ ಬೀಳುತ್ತೆ.

ಆದ್ರೆ ಮನೆ ಒಳಗಿನ ವಿಷ್ಯನೂ ಬದಲಾಗಿದೆ, ನಮ್ಮ ಕಣ್ಮುಂದೆನೇ. 1955, 56ರಲ್ಲಿ ಹಿಂದೂ ವಿವಾಹ ಕಾಯ್ದೆ, ಉತ್ತರಾಧಿಕಾರ ಕಾಯ್ದೆ ಬಂತು, ಅದಕ್ಕೂ ಮೊದಲು ಅವು ಹಿಂದೂ ಕೋಡ್ ಬಿಲ್ ರೂಪದಲ್ಲಿ ಚರ್ಚೆಗೆ ಬಂದಾಗ ಆಗಿನ ಸಂಪ್ರದಾಯಸ್ಥರು, ಸಂಘದೋರೂ ಸೇರಿ, ಹಿಂದೂ ಕುಟುಂಬವೇ ನಾಶ ಆಗುತ್ತೆ ಅಂತ ಬೀದಿಗಿಳಿದಿದ್ರು. ನಮ್ಮ ರಾಜ್ಯದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು 1994ರಿಂದ, ಇಡೀ ದೇಶಕ್ಕೆ 2005ರಿಂದ. ಆಗ ತುಮಕೂರು ಕೋಲಾರದ ಹಳ್ಳಿ ಜಗಲಿ ಮೇಲೆ ಏನೇನು ಮಾತಿತ್ತು ಅಂತ ನಿಮ್ಮ ಅಪ್ಪನ್ನೇ ಕೇಳಿ, ಅಣ್ಣತಂಗಿ ಸಂಬಂಧವೇ ಮುರಿದುಹೋಗುತ್ತೆ ಅಂತಿದ್ರು. ಈಗಲೂ ಅಕ್ಕತಂಗೀರನ್ನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕ್ಸ್ಕೊಳ್ಳೋ ಮನೆಗಳು ಬೇಕಾದಷ್ಟಿವೆ, ನಾನು ಅದನ್ನ ಮುಚ್ಚಿಡಲ್ಲ. ಆದ್ರೂ ಇವತ್ತು ನಿಮ್ಮ ಪಕ್ಷದ ಯಾವ ನಾಯಕರೂ ವೇದಿಕೆ ಮೇಲೆ ನಿಂತು ಮಗಳ ಪಾಲು ಕಿತ್ಕೊಳ್ಳಿ ಅನ್ನಲ್ಲ, ಬದಲಿಗೆ ಹೆಣ್ಣಿನ ಹಕ್ಕು ಅಂತ್ಲೇ ಬೇರೆ ಧರ್ಮದೋರ ಕಾನೂನು ತಿದ್ದಬೇಕು ಅಂತಾರೆ. ಮೊದಲು ವಿರೋಧ, ಆಮೇಲೆ ಮೌನ, ಆಮೇಲೆ ಇದು ನಮ್ಮದೇ ಅನ್ನೋದು, ಸಂಪ್ರದಾಯದ ಪಕ್ಷಗಳು ನಡ್ಯೋದು ಹೀಗೇ. ಈ ನಡಿಗೆಗೆ ಎಷ್ಟು ವರ್ಷ ಹಿಡಿಯುತ್ತೆ ಅನ್ನೋದೇ ಪ್ರಶ್ನೆ, ಯಾಕಂದ್ರೆ ಆ ವರ್ಷಗಳಲ್ಲಿ ಬದುಕಬೇಕಾಗಿರೋದು ನಿಮ್ಮ ತಮ್ಮನಂಥೋರು.

ಹಾಗಾದ್ರೆ ನೀವು ಒಳಗಿದ್ದು ಏನು ಮಾತಾಡ್ಬೇಕು? ಪುರಾಣದಲ್ಲಿದೆ, ಶಿಲ್ಪದಲ್ಲಿದೆ ಅನ್ನೋ ವಾದದಿಂದ ಶುರು ಮಾಡಬಹುದು, ಕೇಳೋರ ಕಿವಿ ತೆರೆಯುತ್ತೆ, 377 ಬ್ರಿಟಿಷರದ್ದು ಅಂದ್ರೂ ನಿಮ್ಮ ಕಡೆಯೋರಿಗೆ ಹಿಡಿಸುತ್ತೆ. ಆದ್ರೆ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ, ನಾಳೆ ಯಾರೋ ಒಬ್ರು ಇನ್ನೊಂದು ಶ್ಲೋಕ ತಂದು ಇಲ್ಲ ಅಂತಾರೆ, ಆಗ ನಿಮ್ಮ ತಮ್ಮನ ಹಕ್ಕು ಶ್ಲೋಕದ ಜಗಳಕ್ಕೆ ಬೀಳುತ್ತೆ. ನನಗೆ ಗಟ್ಟಿ ಅನ್ಸೋದು ಕ್ಯಾಮರೂನ್ ದಾರಿ, ಅದನ್ನ ನಮ್ಮೂರ ಮಾತಲ್ಲಿ ಹೇಳೋದು. ನಾವು ಸಂಸಾರ ಕಟ್ಟೋದನ್ನ ಒಳ್ಳೇದು ಅಂತೀವಿ, ವಯಸ್ಸಾದ ಅಪ್ಪ ಅಮ್ಮನ್ನ ನೋಡ್ಕೋಬೇಕು ಅಂತೀವಿ, ಜವಾಬ್ದಾರಿ ಇಲ್ದೆ ಅಲೆಯೋದು ತಪ್ಪು ಅಂತೀವಿ. ಇಬ್ಬರು ಗಂಡಸರು ಒಬ್ಬರಿಗೊಬ್ಬರು ಆಸರೆಯಾಗಿ, ಆಸ್ಪತ್ರೆ ಬಿಲ್ಲಿಗೂ ಮನೆ ಸಾಲಕ್ಕೂ ಇಬ್ರೂ ಸಹಿ ಹಾಕಿ ಬಾಳ್ತೀವಿ ಅಂದ್ರೆ ಅವರಿಗೆ ಬೇಡ ಅನ್ನೋ ನಾವು ನಿಜವಾಗಿ ಸಂಸಾರದ ಪರ ಇದೀವಾ? ಸಿದ್ಧಗಂಗೆ ದಾಸೋಹದಲ್ಲಿ ಕೂತೋರನ್ನ ನಿನ್ನ ಜಾತಿ ಯಾವುದು ಅಂತ ಕೇಳಿ ಬಡಿಸಲ್ಲ, ಅದಕ್ಕಿಂತ ಸಂಪ್ರದಾಯದ ಜಾಗ ನಮ್ಮ ಜಿಲ್ಲೆಯಲ್ಲಿ ಬೇರೆ ಯಾವುದಿದೆ? ಪಂಕ್ತಿ ದೊಡ್ಡದು ಮಾಡೋದೂ ನಮ್ಮ ಸಂಪ್ರದಾಯನೇ. ಇದನ್ನ ಭಾಷಣ ಮಾಡೋಕೆ ಹೋಗ್ಬೇಡಿ, ಯಾರಾದ್ರೂ ಗೇಲಿ ಮಾಡಿ ಕೆಟ್ಟ ಜೋಕು ಹೊಡೆದಾಗ ನಗದೆ, ನಮ್ಮ ಮನೆ ಹುಡುಗರ ಬಗ್ಗೆ ಹಂಗೆ ಮಾತಾಡ್ತೀವಾ ಅಂತ ಒಂದು ಮಾತು ಕೇಳಿ. ನಿಮ್ಮ ಶಾಸಕರು, ಸಂಸದರು ಊರಿಗೆ ಬಂದಾಗ, ನಿಮ್ಮ ಮನೆಗೆ ಕಾಫಿಗೆ ಬರೋ ಹತ್ತಿರದೋರಾಗಿದ್ರೆ, ಯಾರ ಹೆಸರೂ ಎತ್ತದೆ ಕೇಳಿ, ಸಂಸತ್ತಿನ ಕೆಲಸ ಅಂತ ಕೋರ್ಟು ಹೇಳಿ ಇಷ್ಟು ದಿನ ಆಯ್ತಲ್ಲ ಸಾರ್, ನೀವೇನು ಮಾಡ್ತಿದೀರಿ ಅಂತ. ನನ್ನಂಥೋರು ಕೇಳಿದ್ರೆ ಎಡಪಂಥದೋರು ಅಂತ ಪಕ್ಕಕ್ಕೆ ಸರಿಸ್ತಾರೆ, ಬೂತ್ ಕಾರ್ಯಕರ್ತ ಕೇಳಿದ್ರೆ ನೆನಪಿಟ್ಕೋತಾರೆ.

ಮತ್ತೆ, ಸದ್ದಿಲ್ದೆ ಇರ್ಲಿ ಬಿಡು, ಯಾರು ಬೇಡ ಅಂದ್ರು ಅನ್ನೋ ಮಾತಿಗೆ ಒಪ್ಪಬೇಡಿ. ಅದು ಲಾರ್ಡ್ ಆರನ್ ನಿಂತ ಜಾಗ. ನಿಮ್ಮ ತಮ್ಮನಿಗೆ ಆಕ್ಸಿಡೆಂಟ್ ಆದ್ರೆ ಆಸ್ಪತ್ರೆಯಲ್ಲಿ ಸಹಿ ಯಾರು ಹಾಕೋದು, ಅವನು ತೀರ್ಕೊಂಡ್ರೆ ಜೊತೆಗೆ ಹತ್ತು ವರ್ಷ ಬಾಳಿದೋನು ಮನೆ ಬಿಟ್ಟು ಹೋಗಬೇಕಾ, ಇವೆಲ್ಲ ಸದ್ದಿಲ್ದೆ ಇದ್ರೆ ಬಗೆಹರಿಯಲ್ಲ.

ಇನ್ನು ಮನೆ ವಿಷ್ಯ. ಇಲ್ಲಿ ರಾಜಕೀಯದ ಮಾತು ಬಿಟ್ಟುಬಿಡಿ. ತಮ್ಮ ನಿಮ್ಮೊಬ್ಬರಿಗೇ ಹೇಳಿದಾನೆ, ಆ ಗುಟ್ಟು ಅವನದ್ದು. ಪಕ್ಷದಲ್ಲಿ ವಾದ ಗೆಲ್ಲೋಕೆ ಅಂತಾನೂ, ಅಪ್ಪನ್ನ ಒಪ್ಪಿಸೋ ಆತುರದಲ್ಲೂ ಅವನ ಅನುಮತಿ ಇಲ್ದೆ ಯಾರಿಗೂ ಹೇಳಬೇಡಿ, ನಿಮ್ಮ ಹೆಂಡತಿಗೂ ಕೂಡ. ಮೊದಲು ಅವನನ್ನ ಕೇಳಿ, ಅಪ್ಪನಿಗೆ ಹೇಳಬೇಕಾ, ಯಾವಾಗ, ಯಾರ ಬಾಯಿಂದ. ಅವನಿಗೆ ಈಗ ಬೇಡ ಅನ್ಸಿದ್ರೆ ಅಪ್ಪನಿಗೆ ಪೂರ್ತಿ ವಿಷ್ಯ ಹೇಳ್ದೆನೂ ಹೆಣ್ಣು ನೋಡೋದನ್ನ ತಡೆಯಬಹುದು, ಅಪ್ಪಾ ಅವನಿಗೆ ಮದುವೆ ಮನಸ್ಸಿಲ್ಲ, ಅವನ ಬಾಯಿಂದ ಹೂಂ ಅನ್ನಿಸ್ಕೊಳ್ಳದೆ ಯಾವ ಮನೆಗೂ ಮಾತು ಕೊಡಬೇಡಿ, ಹಿರೀ ಮಗನಾಗಿ ನಾನು ಹೇಳ್ತಿದೀನಿ ಅಂತ. ಇಷ್ಟನ್ನ ಮಾತ್ರ ನೀವು ಮಾಡ್ಲೇಬೇಕು. ಮದುವೆ ಆದ್ರೆ ಸರಿಹೋಗ್ತಾನೆ ಅನ್ನೋ ಮಾತು ಯಾರಾದ್ರೂ ಹೇಳ್ತಾರೆ, ಸರಿಹೋಗೋಕೆ ಅಲ್ಲಿ ಏನೂ ಕೆಟ್ಟಿಲ್ಲ, ಮೋಸ ಹೋಗೋದು ಯಾರದೋ ಮನೆಯ ಹೆಣ್ಣುಮಗಳು. ಮನೆತನದ ಮರ್ಯಾದೆ ಅನ್ನೋರಿಗೆ ಹೇಳಿ, ಗೊತ್ತಿದ್ದೂ ಗೊತ್ತಿದ್ದೂ ಇನ್ನೊಬ್ಬರ ಮಗಳ ಬಾಳು ಹಾಳು ಮಾಡೋದಕ್ಕಿಂತ ದೊಡ್ಡ ಮರ್ಯಾದೆಗೇಡು ಇಲ್ಲ ಅಂತ. ಈ ಮಾತು ನಮ್ಮ ಕಡೆ ಹಿರಿಯರಿಗೆ ತಟ್ಟುತ್ತೆ, ನಾನು ನೋಡಿದೀನಿ.

ಅಪ್ಪನಿಗೆ ವಿಷ್ಯ ಗೊತ್ತಾದ ದಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ, ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ತಾಯತ ಕಟ್ಸೋಣ ಅಂತ ಶುರು ಆಗಬಹುದು. ಇದು ಕಾಯಿಲೆ ಅಲ್ಲ ಅಂತ ಭಾರತೀಯ ಮನೋವೈದ್ಯರ ಸಂಘ 2018ರಲ್ಲೇ ಹೇಳಿದೆ. ವಾಸಿ ಮಾಡ್ತೀನಿ ಅಂತ ಔಷಧಿ ಕೊಡೋದು, ಶಾಕ್ ಕೊಡೋದು ವೈದ್ಯರ ವೃತ್ತಿಗೆ ವಿರುದ್ಧವಾದ ತಪ್ಪು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಬರೆದಿದೆ. ಅದಕ್ಕೆ ಕಾರಣ ಆಗಿದ್ದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್. ಮಧುರೈನಿಂದ ಓಡಿಬಂದ ಇಬ್ಬರು ಹುಡುಗೀರ ಕೇಸು 2021ರಲ್ಲಿ ಅವರ ಮುಂದೆ ಬಂದಾಗ ನನಗೂ ಈ ವಿಷ್ಯದಲ್ಲಿ ತಿಳುವಳಿಕೆ ಸಾಲದು ಅಂತ ಮನಶ್ಶಾಸ್ತ್ರಜ್ಞರ ಹತ್ರ ತಾವೇ ಕೂತು ಪಾಠ ಹೇಳಿಸ್ಕೊಂಡು ಆಮೇಲೆ ಆದೇಶ ಬರೆದ್ರು. ಹೈಕೋರ್ಟ್ ಜಡ್ಜೇ ಕೂತು ಕಲಿತಿರೋವಾಗ ನಿಮ್ಮ ಅಪ್ಪನಿಗೆ ಒಂದೆರಡು ವರ್ಷ ಹಿಡಿದ್ರೆ ಅದು ಅವರ ಕೆಟ್ಟತನ ಅಂದ್ಕೋಬೇಡಿ, ಆದ್ರೆ ಆ ವರ್ಷಗಳಲ್ಲಿ ತಮ್ಮನ ಮೇಲೆ ಕೈ ಮಾಡೋಕೆ, ಊರಲ್ಲಿ ಕೂಡಿಹಾಕೋಕೆ ಬಿಡಬೇಡಿ. ತಮ್ಮನಿಗೋ ನಿಮಗೋ ಮನಸ್ಸು ತೀರಾ ಕುಗ್ಗಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಕೊನೇದಾಗಿ ಕಾಗದ ಪತ್ರದ ಮಾತು, ತೋಟದ ಮನೆಯೋರಾದ್ರಿಂದ ಹೇಳ್ತಿದೀನಿ. ತಮ್ಮನಿಗೆ ಜೊತೆಗಾರ ಇದ್ರೆ, ಮುಂದೆ ಆದ್ರೂ, ಇವತ್ತಿನ ಉತ್ತರಾಧಿಕಾರ ಕಾನೂನಲ್ಲಿ ಆ ಜೊತೆಗಾರನಿಗೆ ಏನೂ ಬರಲ್ಲ. ತಮ್ಮ ತಾನು ದುಡಿದ ದುಡ್ಡಿಗೆ, ತಗೊಂಡ ಸೈಟಿಗೆ ಇಬ್ಬರು ಸಾಕ್ಷಿ ಹಾಕ್ಸಿ ವಿಲ್ ಬರೆದಿಡಬೇಕು, ನೋಂದಣಿ ಕಡ್ಡಾಯ ಇಲ್ಲ, ಆದ್ರೂ ಮಾಡ್ಸಿದ್ರೆ ಮುಂದೆ ತಕರಾರು ಕಮ್ಮಿ. ಬ್ಯಾಂಕಲ್ಲಿ ಜಂಟಿ ಖಾತೆ, ನಾಮಿನಿ ಆಗುತ್ತೆ, 2024ರ ಆಗಸ್ಟ್‌ನ ಸ್ಪಷ್ಟನೆ ತೋರ್ಸಿದ್ರೆ ಮ್ಯಾನೇಜರ್ ಇಲ್ಲ ಅನ್ನೋಕಾಗಲ್ಲ. ನೀವು ಮತ್ತು ತಮ್ಮ ತೋಟ ಭಾಗ ಮಾಡ್ಕೊಳ್ಳೋ ದಿನ ಅವನಿಗೇನು ಸಂಸಾರನಾ ಮಕ್ಕಳಾ ಅಂತ ಯಾರಾದ್ರೂ ಅವನ ಪಾಲು ಕಮ್ಮಿ ಮಾಡೋಕೆ ಬಂದ್ರೆ ಪಂಚಾಯ್ತಿಲಿ ಮೊದಲು ಬೇಡ ಅನ್ನೋರು ನೀವಾಗಿರಬೇಕು.